ಇತರೆ

ಅಮ್ಮ ಜಪಾನಿನಲ್ಲಿ ಇದ್ದದ್ದು ಒಟ್ಟು 88 ದಿನ. ವೀಸಾ ಕೊಟ್ಟಿದ್ದು 90 ದಿನಕ್ಕೆ. ಎರಡು ದಿನ ಯಾಕೆ ಬಿಟ್ಟೆವು ಎಂದು ಅಪ್ಪ ಫೋನಿನಲ್ಲಿ ಕೇಳಿದ್ದ. ಟಿಕೆಟ್ ಆ ದಿನಕ್ಕೆ ಅಗ್ಗವಿತ್ತು ಎಂದ ಮೇಲೆ ಸುಮ್ಮನಾದ.

ಅದು 2018ರ ಅಕ್ಟೋಬರ್ ಕೊನೆ. ನನ್ನ ಬಾಣಂತನಕ್ಕೆಂದು ಅರಸೀಕೆರೆಯಿಂದ ಬಂದವಳು ಎರಡು ಸೂಟ್‌ಕೇಸಿನ ತುಂಬ ಮೆಣಸು, ಬೆಳ್ಳುಳ್ಳಿ, ಸಾರಿನ ಪುಡಿ, ಹಳೆಯ ಕಾಟನ್ ಸೀರೆಗಳನ್ನು ಹೊತ್ತುಕೊಂಡು ಬಂದಿದ್ದಳು. ನಾವು ಆಗ ಕಾವಾಗುಚಿಯಲ್ಲಿದ್ದೆವು. ತೋಕ್ಯೊದ ಉತ್ತರಕ್ಕೆ ಅರಾಕಾವಾ ನದಿ ದಾಟಿದ ಕೂಡಲೇ ಸಿಗುವ ಊರು ಅದು. ಭಾರತೀಯರು ಗುಂಪಾಗಿ ಇರುವ ನಿಶಿ ಕಸಾಯ್ ನಮಗೆ ದೂರ. ಹಾಗಾಗಿ ಅಮ್ಮನಿಗೆ ಮಾತಿಗೆ ಸಿಗುತ್ತಿದ್ದವರು ಎಂದರೆ ನಾನು, ರಾತ್ರಿ ಒಂಬತ್ತಕ್ಕೆ ಬರುವ ನನ್ನ ಗಂಡ, ಮತ್ತು ಇನ್ನೂ ಕಣ್ಣು ನೆಟ್ಟಗೆ ಬಿಡದ ಒಂದು ಮಗು.

ಮನೆಯಿಂದ ನಾಲ್ಕು ನಿಮಿಷದ ದೂರದಲ್ಲಿ ಒಂದು ಕೊಂಬಿನಿ ಇತ್ತು. ಕನ್ವೀನಿಯನ್ಸ್ ಸ್ಟೋರ್ ಎಂಬ ಉದ್ದ ಹೆಸರನ್ನು ಜಪಾನಿನವರು ಕತ್ತರಿಸಿ ಹೀಗೆ ಮಾಡಿಕೊಂಡಿದ್ದಾರೆ. ಹಗಲು ರಾತ್ರಿ ತೆರೆದಿರುತ್ತದೆ. ಹಾಲು, ಬಾಳೆಹಣ್ಣು, ಬ್ರೆಡ್ಡು, ಛತ್ರಿ, ಬನಿಯನ್, ಕರೆಂಟ್ ಬಿಲ್ಲು ಕಟ್ಟುವುದು, ಎಲ್ಲ ಅಲ್ಲೇ. ಬಾಣಂತಿಯಾದ ನಾನು ಹೊರಗೆ ಹೋಗಕೂಡದು ಎಂಬುದು ಅಮ್ಮನ ಕಟ್ಟಪ್ಪಣೆ. ಆದ್ದರಿಂದ ಹಾಲು ತರುವ ಕೆಲಸ ಅವಳದ್ದೇ ಆಯಿತು.

ತೊಂದರೆ ಶುರುವಾದದ್ದು ಚಿಲ್ಲರೆಯಿಂದ. ಆಗ ಮಾರಾಟ ತೆರಿಗೆ ಶೇಕಡ 8. ನೂರು ಯೆನ್ನಿನ ವಸ್ತುವಿಗೆ ನೂರಾ ಎಂಟು ಕೊಡಬೇಕು. ಒಂದು ಸಾವಿರದ ನೋಟು ಕೊಟ್ಟರೆ ಅಂಗೈ ತುಂಬ ನಾಣ್ಯ ವಾಪಸ್ಸು ಬರುತ್ತದೆ. ಒಂದು ಯೆನ್ನಿನದು ಅಲ್ಯೂಮಿನಿಯಮ್ಮಿನದು, ತೂಕ ಸರಿಯಾಗಿ ಒಂದು ಗ್ರಾಂ, ಊದಿದರೆ ಹಾರುತ್ತದೋ ಎನ್ನಿಸುತ್ತದೆ. ಉಳಿದ ನಾಣ್ಯಗಳ ಮೇಲೆ ನಮಗೆ ಗೊತ್ತಿರುವ ಅಂಕಿಗಳಿವೆ. ಆದರೆ ನಡುವೆ ತೂತಿರುವ ಐದು ಯೆನ್ನಿನ ನಾಣ್ಯದ ಮೇಲೆ ಬೆಲೆ ಇರುವುದು ಜಪಾನಿ ಅಕ್ಷರದಲ್ಲಿ ಮಾತ್ರ. ಅಮ್ಮ ಅದನ್ನು ಐವತ್ತು ಎಂದುಕೊಂಡಳು, ಯಾಕೆಂದರೆ ಐವತ್ತರದ್ದಕ್ಕೂ ತೂತು. ಹಿಂದೆ ನಾಲ್ಕು ಜನ ಸಾಲಿನಲ್ಲಿ ನಿಂತಿದ್ದಾರೆ, ಯಾರೂ ಚಕಾರ ಎತ್ತುತ್ತಿಲ್ಲ, ಆ ಮೌನವೇ ಹೆದರಿಸುತ್ತದೆ. ಕೊನೆಗೆ ಅವಳು ಅಂಗೈ ಬಿಚ್ಚಿ ಎಲ್ಲ ನಾಣ್ಯಗಳನ್ನು ಕ್ಯಾಶಿನ ಹುಡುಗಿಯ ಮುಂದೆ ಹಿಡಿದಳಂತೆ. ಆ ಹುಡುಗಿ ಒಂದೊಂದೇ ಆರಿಸಿ, ತೋರಿಸಿ, ತಲೆ ಬಗ್ಗಿಸಿ ತೆಗೆದುಕೊಂಡಳಂತೆ.

ಮನೆಗೆ ಬಂದು ಹಾಲನ್ನು ಫ್ರಿಜ್ಜಿಗೆ ಇಡುತ್ತ ಅಮ್ಮ ಅಂದಳು, "ಅವಳದ್ದೇನೂ ತಪ್ಪಿಲ್ಲ ಕಣೇ. ಆದ್ರೂ ಕೈಚಾಚಿ ನಿಂತಂಗಾಯ್ತು."

ಆ ಭಾನುವಾರ ನನ್ನ ಗಂಡ ಸ್ಟೇಷನ್ನಿಗೆ ಹೋಗಿ ಅವಳ ಹೆಸರಿನಲ್ಲಿ ಒಂದು ಸುಯಿಕಾ ಕಾರ್ಡ್ ಮಾಡಿಸಿಕೊಂಡು ಬಂದ. ಮಾಡಿಸುವುದು ಎಂದರೆ ಅರ್ಜಿ ಗಿರ್ಜಿ ಏನಿಲ್ಲ. ಟಿಕೆಟ್ ಯಂತ್ರದಲ್ಲೇ ಹೆಸರು, ಹುಟ್ಟಿದ ದಿನ ಒತ್ತಿ ದುಡ್ಡು ಹಾಕಿದರೆ ಕಾರ್ಡು ಹೊರಗೆ ಬರುತ್ತದೆ. 500 ಯೆನ್ ಠೇವಣಿ. ಹಸಿರು ಬಣ್ಣ, ಮೂಲೆಯಲ್ಲೊಂದು ಪೆಂಗ್ವಿನ್, ಕೆಳಗೆ ಜಪಾನಿ ಲಿಪಿಯಲ್ಲಿ ಅಮ್ಮನ ಹೆಸರು. ಅವಳು ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. ಓದಲು ಬರುವುದಿಲ್ಲ, ಆದರೂ ಬೆರಳಿಟ್ಟು, "ಇದು ನಾನಾ?" ಎಂದಳು. ದುಡ್ಡಿಗೆ ಸಂಬಂಧಪಟ್ಟ ಯಾವ ಕಾರ್ಡಿನ ಮೇಲೂ ಅಲ್ಲಿಯವರೆಗೆ ಅವಳ ಹೆಸರು ಇರಲಿಲ್ಲ. ಬ್ಯಾಂಕಿನ ಖಾತೆ ಅಪ್ಪನದು, ಎಟಿಎಂ ಕಾರ್ಡೂ ಅಪ್ಪನದು.

ಸುಯಿಕಾ ಶುರುವಾದದ್ದು 2001ರ ನವೆಂಬರಿನಲ್ಲಿ, ರೈಲಿನ ಗೇಟು ದಾಟುವುದಕ್ಕೆ. ಸೂಪರ್ ಅರ್ಬನ್ ಇಂಟೆಲಿಜೆಂಟ್ ಕಾರ್ಡ್ ಎಂಬುದು ವಿಸ್ತಾರ. ಜಪಾನಿಯಲ್ಲಿ ಸುಯಿ ಸುಯಿ ಎಂದರೆ ಸರಾಗವಾಗಿ, ಸಲೀಸಾಗಿ. ಸುಯಿಕಾ ಎಂದರೆ ಕಲ್ಲಂಗಡಿ ಹಣ್ಣು ಕೂಡ. 2004ರಿಂದ ಅದೇ ಕಾರ್ಡಿನಲ್ಲಿ ಅಂಗಡಿ ಸಾಮಾನೂ ಕೊಳ್ಳುವಂತಾಯಿತು. ಅದೇ 2001ರಲ್ಲಿ ಬಂದ ಎಡಿ ಎಂಬ ಕಾರ್ಡು ಯೂರೊ, ಡಾಲರ್, ಯೆನ್ ಮೂರರ ಮೊದಲ ಅಕ್ಷರ ಸೇರಿಸಿ ಹೆಸರಿಟ್ಟುಕೊಂಡಿತ್ತು. ಮುಂದೆ ಲೋಕದ ದುಡ್ಡೆಲ್ಲ ತನ್ನಂತೆಯೇ ಆಗುತ್ತದೆ ಎಂಬ ಹುಮ್ಮಸ್ಸು ಇರಬೇಕು. 2007ರಲ್ಲಿ ದೊಡ್ಡ ಅಂಗಡಿ ಸರಪಳಿಗಳು ತಮ್ಮವೇ ಕಾರ್ಡು ತಂದವು. ಒಂದಕ್ಕೆ ಜಿರಾಫೆ, ಇನ್ನೊಂದಕ್ಕೆ ನಾಯಿ. ಆ ನಾಯಿಯದ್ದು ದುಡ್ಡು ಕಡಿತವಾದಾಗ 'ವಾಓನ್' ಎಂದು ಬೊಗಳುತ್ತದೆ, ಅದೇ ಅದರ ಹೆಸರೂ ಹೌದು. ನನ್ನ ಗಂಡನ ಪರ್ಸಿನಲ್ಲಿ ಪೆಂಗ್ವಿನ್, ಜಿರಾಫೆ, ನಾಯಿ ಮೂರೂ ಇದ್ದುದನ್ನು ನೋಡಿ ಅಮ್ಮ, "ಇದೇನು ಮೈಸೂರು ಝೂ ಇಟ್ಕೊಂಡಿದೀರಾ?" ಎಂದು ನಕ್ಕಿದ್ದಳು.

ಅವಳಿಗೆ ಕಲಿಸಬೇಕಾದದ್ದು ಎರಡೇ ಶಬ್ದ. 'ಸುಯಿಕಾ ದೆ.' ಜಪಾನಿಯ 'ದೆ' ನಮ್ಮ 'ಇಂದ' ಇದ್ದ ಹಾಗೆ, ನಾಮಪದದ ಹಿಂದೆ ಬಂದು ಅಂಟಿಕೊಳ್ಳುತ್ತದೆ. ಸುಯಿಕಾದಿಂದ. ಕನ್ನಡದವರಿಗೆ ಇದು ಇಂಗ್ಲಿಷಿಗಿಂತ ಬೇಗ ನಾಲಿಗೆಗೆ ಕೂರುತ್ತದೆ. "ಕಲ್ಲಂಗಡಿ ಹಣ್ಣಿಂದ ಅಂತ ತಾನೆ?" ಎಂದು ಅಮ್ಮ ಎರಡು ಸಲ ಹೇಳಿಕೊಂಡಳು. ಮರುದಿನ ಹೋಗಿ ಬಂದವಳ ಮುಖ ನೋಡಬೇಕಿತ್ತು. ಹುಡುಗಿ ಏನೋ ಕೇಳಿದಳಂತೆ, ಇವಳು 'ಸುಯಿಕಾ ದೆ' ಅಂದಳಂತೆ, ಕಾರ್ಡು ಇಟ್ಟಳಂತೆ, 'ಪಿಪಿ' ಅಂತಂತೆ, ಮುಗಿದೇ ಹೋಯಿತಂತೆ. "ಹಿಂದಿನವರು ಕಾಯ್ಲೇ ಇಲ್ಲ" ಎಂದು ಮೂರು ಸಲ ಹೇಳಿದಳು. ಪಿನ್ ಇಲ್ಲ, ಸಹಿ ಇಲ್ಲ, ಒಟಿಪಿ ಇಲ್ಲ.

ಇದರ ಒಳಗುಟ್ಟು ನನಗೆ ಆಮೇಲೆ ತಿಳಿಯಿತು. ಆ ಕಾರ್ಡಿನೊಳಗೆ ಬ್ಯಾಟರಿ ಇಲ್ಲ. ಒಂದು ಚಿಪ್ಪು, ಅದರ ಸುತ್ತ ಆಂಟೆನಾದ ತಂತಿ, ಅಷ್ಟೆ. ಅಂಗಡಿಯ ಯಂತ್ರ ಸುತ್ತ ಹರಡುವ ಅಯಸ್ಕಾಂತ ಕ್ಷೇತ್ರದಿಂದಲೇ ಚಿಪ್ಪಿಗೆ ಬೇಕಾದಷ್ಟು ವಿದ್ಯುತ್ತು ಹುಟ್ಟಿ ಅದು ಎಚ್ಚರಗೊಳ್ಳುತ್ತದೆ. ಸೋನಿ ಕಂಪನಿಯವರ ಫೆಲಿಕಾ ಎಂಬ ತಂತ್ರ ಇದು. ಜಪಾನಿಗಿಂತ ಮೊದಲೇ, 1997ರಲ್ಲಿ, ಹಾಂಗ್‌ಕಾಂಗಿನ ಆಕ್ಟೋಪಸ್ ಕಾರ್ಡಿನಲ್ಲಿ ಬಳಕೆಗೆ ಬಂತು. ಮುಖ್ಯ ವಿಷಯ ಬೇರೆ. ಉಳಿದಿರುವ ಹಣದ ಲೆಕ್ಕ ಆ ಚಿಪ್ಪಿನೊಳಗೇ ಬರೆದಿರುತ್ತದೆ. ಪ್ರತಿಸಲ ದೂರದ ಬ್ಯಾಂಕಿಗೆ ಹೋಗಿ 'ಕೊಡಲೇ?' ಎಂದು ಕೇಳಿಕೊಂಡು ಬರಬೇಕಾಗಿಲ್ಲ. ಕಣ್ಣು ಮಿಟುಕಿಸುವುದರೊಳಗೆ ಕೆಲಸ ಆಗುವುದು ಅದಕ್ಕೇ. ನಮ್ಮ ಯುಪಿಐ ಬ್ಯಾಂಕಿಗೆ ಕಳಿಸುವ ಅಪ್ಪಣೆ. ಇದು ಹಾಗಲ್ಲ, ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡ ದುಡ್ಡು. ಇದ್ದರೆ ನಿಮ್ಮದು. ಗಂಟಿಗೊಂದು ಮಿತಿಯೂ ಇದೆ, 20,000 ಯೆನ್ನಿಗಿಂತ ಹೆಚ್ಚು ತುಂಬಿಸುವಂತಿಲ್ಲ.

ಸೆರಗಿನ ಗಂಟಿನ ಮಾತು ಬಂದದ್ದಕ್ಕೆ ಅಪ್ಪನ ಲೆಕ್ಕದ ಪುಸ್ತಕದ ವಿಷಯ ಹೇಳಲೇಬೇಕು. ಅಪ್ಪ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದ. ರಾತ್ರಿ ಊಟವಾದ ಮೇಲೆ ಉದ್ದನೆಯ ಪುಸ್ತಕ ತೆರೆದು ಕೂರುತ್ತಿದ್ದ. ಅಮ್ಮ ಕಂಬಕ್ಕೆ ಒರಗಿ ನಿಂತು ಒಪ್ಪಿಸಬೇಕು. ಸೊಪ್ಪು, ಎರಡು ರೂಪಾಯಿ. ಬೆಂಕಿಪೊಟ್ಟಣ, ಐವತ್ತು ಪೈಸೆ. ಬಸ್ಸು, ಮೂರು. ಬಿಲ್ಲು ಇದ್ದವನ್ನು ಗೋಡೆಯ ತಂತಿಗೆ ಚುಚ್ಚಬೇಕು. ಎಲ್ಲೋ ಒಂದೆರಡು ರೂಪಾಯಿ ನೆನಪಾಗದಿದ್ದರೆ ಅಮ್ಮ, "ಇತರೆ ಅಂತ ಬರ್ಕೊಳ್ಳಿ" ಎನ್ನುತ್ತಿದ್ದಳು. ಅಪ್ಪ ಪೆನ್ನು ಎತ್ತಿ ಹಿಡಿದೇ ಇರುತ್ತಿದ್ದ. "ಇತರೆ ಅನ್ನೋದು ಕಳ್ಳರ ಕಲಂ. ಜ್ಞಾಪಿಸ್ಕೊ." ಸೊಸೈಟಿಯ ಆಡಿಟ್ಟಿನಲ್ಲಿ ಆ ಕಲಮಿನಡಿ ಎಷ್ಟೆಷ್ಟು ನುಂಗಿಹೋಗಿದೆ ಎಂದು ಅವನು ನೋಡಿದ್ದ. ಅವನು ದುಷ್ಟನಲ್ಲ. ಇಬ್ಬರು ತಂಗಿಯರ ಮದುವೆ ಆ ಸಂಬಳದಲ್ಲೇ ಆಗಿದೆ, ನಾವಿಬ್ಬರು ಮಕ್ಕಳು ಆ ಪುಸ್ತಕದ ದೆಸೆಯಿಂದಲೇ ಓದಿದ್ದೇವೆ. ತನ್ನ ಬೀಡಿಯನ್ನೂ ಅವನು ದಿನಾ ಬರೆಯುತ್ತಿದ್ದ, ಮುಚ್ಚಿಡುತ್ತಿರಲಿಲ್ಲ. ಆದರೆ ಅವನು ಬರೆಯುವವನು, ಅಮ್ಮ ಒಪ್ಪಿಸುವವಳು. ಇದೊಂದು ವ್ಯತ್ಯಾಸವಿತ್ತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಶಾಲೆಯಿಂದ ಬೇಲೂರು, ಹಳೇಬೀಡಿಗೆ ಪ್ರವಾಸ ಹೊರಟಿತ್ತು. ಬಸ್ಸಿನ ದುಡ್ಡು ಅಪ್ಪ ಕೊಟ್ಟ. ಕೈಖರ್ಚು ಎಂಬುದಕ್ಕೆ ಅವನ ಪುಸ್ತಕದಲ್ಲಿ ಜಾಗವಿರಲಿಲ್ಲ. ಬೆಳಿಗ್ಗೆ ಜಡೆ ಹಾಕುವಾಗ ಅಮ್ಮ ಸೆರಗಿನ ಗಂಟು ಬಿಚ್ಚಿ ಹದಿನೈದು ರೂಪಾಯಿ ನನ್ನ ಕೈಗಿಟ್ಟಳು. ಆ ವಾರ ಬೇಳೆಯ ಬೆಲೆ ನಮ್ಮ ಮನೆಯ ಪುಸ್ತಕದಲ್ಲಿ ಮಾತ್ರ ಜಾಸ್ತಿಯಾಗಿತ್ತು. ನನಗೆ ಅದು ಗೊತ್ತಿತ್ತು. ಗೊತ್ತಿದ್ದೇ ಐಸ್‌ಕ್ಯಾಂಡಿ ತಿಂದಿದ್ದೆ.

ಇಷ್ಟೆಲ್ಲ ಗೊತ್ತಿದ್ದೂ ನಾನು ಮಾಡಿದ್ದನ್ನು ಹೇಳುತ್ತೇನೆ.

ಡಿಸೆಂಬರಿನ ಒಂದು ರಾತ್ರಿ. ಮಗು ಎರಡು ತಾಸಿಗೊಮ್ಮೆ ಏಳುತ್ತಿತ್ತು, ನನಗೆ ನಿದ್ದೆಗೆಟ್ಟು ತಲೆ ಜೋಮು ಹಿಡಿದಂತಿತ್ತು. ಅಮ್ಮನ ಕಾರ್ಡು ಫ್ರಿಜ್ಜಿನ ಮೇಲಿತ್ತು. ಅದಕ್ಕೆ ಎಷ್ಟು ತುಂಬಿಸಬೇಕೋ ನೋಡೋಣವೆಂದು ಫೋನಿನ ಬೆನ್ನಿಗೆ ಹಿಡಿದೆ. ಸುಯಿಕಾದಲ್ಲಿ ಕೊನೆಯ 20 ವ್ಯವಹಾರಗಳು ಕಾರ್ಡಿನಲ್ಲೇ ಉಳಿದಿರುತ್ತವೆ. ಒಂದು ಪುಕ್ಕಟೆ ಆ್ಯಪ್ ಇದ್ದರೆ ಯಾರು ಬೇಕಾದರೂ ಓದಬಹುದು. ಗುಪ್ತಸಂಖ್ಯೆ ಏನೂ ಬೇಡ, ಕಾರ್ಡು ಕೈಗೆ ಸಿಕ್ಕರಾಯಿತು. ಎರಡು ವಾರದ ಹಿಂದೆ 5,000 ತುಂಬಿಸಿದ್ದೆವು. ಉಳಿದದ್ದು 968.

ಸಾಲುಗಳನ್ನು ನೋಡುತ್ತ ಹೋದೆ. ಹಾಲು ಹಣ್ಣಿನದು ಎಂದು ಊಹಿಸಬಹುದಾದ ಐದು ಸಾಲು. ಅವು ಬಿಟ್ಟರೆ ಹೆಚ್ಚುಕಡಿಮೆ ದಿನಾಲೂ ನೂರ ಮೂವತ್ತರ ಆಸುಪಾಸಿನದು ಒಂದೊಂದು. ನಡುವೆ ಒಂದೇ ಒಂದು 540. ಪ್ರತಿಯೊಂದರ ಮುಂದೆಯೂ ಒಂದೇ ಶಬ್ದ, 'ಬುಪ್ಪಾನ್'. ಸಾಮಾನು ಮಾರಾಟ ಎಂದರ್ಥ. ರೈಲಿನದಾದರೆ ಹತ್ತಿದ ಸ್ಟೇಷನ್ನು, ಇಳಿದ ಸ್ಟೇಷನ್ನು ಹೆಸರು ಸಮೇತ ತೋರಿಸುವ ಆ ಕಾರ್ಡು, ಅಂಗಡಿಯದಾದರೆ ಯಾವ ಅಂಗಡಿ, ಏನು ಸಾಮಾನು ಎಂದು ಹೇಳುವುದೇ ಇಲ್ಲ. ಟೂತ್‌ಬ್ರಶ್ಶೂ ಬುಪ್ಪಾನ್, ಬ್ರೆಡ್ಡೂ ಬುಪ್ಪಾನ್. (ಹಾಗೆಂದು ಇದು ಪರಮ ಗೌಪ್ಯ ಎಂದುಕೊಳ್ಳಬೇಕಿಲ್ಲ. 2013ರಲ್ಲಿ ಸುಯಿಕಾದ ಪ್ರಯಾಣ ವಿವರಗಳನ್ನು ಹೆಸರು ತೆಗೆದು ಬೇರೊಂದು ಕಂಪನಿಗೆ ಮಾರಿದ್ದು ಹೊರಬಿದ್ದು ಜಪಾನಿನಲ್ಲಿ ದೊಡ್ಡ ಗದ್ದಲವಾಗಿತ್ತು, ಮಾರಾಟ ನಿಲ್ಲಿಸಬೇಕಾಯಿತು. ಕಂಪನಿಗೆ ಗೊತ್ತಿರುವುದು ಬೇರೆ, ಮನೆಯವರಿಗೆ ಗೊತ್ತಾಗುವುದು ಬೇರೆ. ಅಮ್ಮನಿಗೆ ಎರಡನೆಯದೇ ದೊಡ್ಡದು.)

ಮೋಸವೇನಾದರೂ ಆಗಿರಬಹುದೇ, ಅಂಗಡಿಯಲ್ಲಿ ಎರಡೆರಡು ಸಲ ತೆಗೆಯುತ್ತಿದ್ದಾರೆಯೇ ಎಂಬ ಕಳವಳದಿಂದಲೇ ಕೇಳಿದೆ ಎಂದು ನನಗೆ ನಾನೇ ಬಹಳ ದಿನ ಹೇಳಿಕೊಂಡೆ. ಬೆಳಿಗ್ಗೆ ಅಮ್ಮ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಳು. ನಾನು ಫೋನು ಹಿಡಿದುಕೊಂಡೇ ಕೇಳಿದೆ.

"ಅಮ್ಮಾ, ದಿನಾ ನೂರ ಮೂವತ್ತು ಹೋಗಿದೆಯಲ್ಲ, ಏನದು?"

ಅವಳ ಕೈ ನಿಂತಿತು.

"ಅದ್ರಲ್ಲಿ ಬರುತ್ತಾ ಅದೆಲ್ಲ?"

"ಬರುತ್ತೆ. ಒಂಬತ್ತನೇ ತಾರೀಖು ಐನೂರ ನಲವತ್ತು. ಅದು ಏನು?"

ಹೀಗೆ ಕೇಳುವಾಗ ನನ್ನ ಧ್ವನಿ ನನಗೇ ಕೇಳಿಸಿತು. ಪೆನ್ನು ಎತ್ತಿ ಹಿಡಿದವರ ಧ್ವನಿ.

ಅಮ್ಮ ಮಗುವಿನ ಕಾಲಿಗೆ ಎಣ್ಣೆ ತಿಕ್ಕುವುದನ್ನು ಮುಗಿಸಿದಳು. ಬಟ್ಟೆ ಸುತ್ತಿದಳು. ಆಮೇಲೆ ಹೇಳಿದಳು, "ಟೀ ಕುಡೀತೀನಿ. ಬಿಸೀದು, ಬಾಟ್ಲೀಲಿ ಸಿಗುತ್ತೆ. ಕೇಸರಿ ಮುಚ್ಚಳದ್ದು. ಅಲ್ಲೇ ಪಾರ್ಕಲ್ಲಿ ಕೂತು ಕುಡಿದು ಬರ್ತೀನಿ." ಸ್ವಲ್ಪ ಹೊತ್ತು ಬಿಟ್ಟು, "ಕೇಳಿಯೇ ಕುಡೀಬೇಕಿತ್ತೇನೋ."

ಚಳಿಗಾಲದಲ್ಲಿ ಕೊಂಬಿನಿಗಳಲ್ಲಿ ಒಂದು ಬಿಸಿ ಕಪಾಟು ಇರುತ್ತದೆ. ಹಾಲು ಹಾಕಿದ ಟೀ, ಕಾಫಿ, ಹಸಿರು ಟೀ, ಜೋಳದ ಸೂಪು, ಎಲ್ಲ ಬೆಚ್ಚಗೆ ನಿಂತಿರುತ್ತವೆ. ಅಮ್ಮ ಮನೆಯಲ್ಲಿ ದಿನಕ್ಕೆ ಮೂರು ಸಲ ತಾನೇ ಕಾಫಿ ಮಾಡುತ್ತಿದ್ದಳು, ಮೂರು ಸಲವೂ ನಮಗೆ ಕೊಟ್ಟು ಉಳಿದದ್ದನ್ನು ನಿಂತುಕೊಂಡು ಕುಡಿಯುತ್ತಿದ್ದಳು. ಆ ಇಪ್ಪತ್ತು ನಿಮಿಷ ಯಾರೋ ಮಾಡಿಟ್ಟದ್ದನ್ನು ಕೊಂಡು, ಕೂತು, ಯಾರಿಗೂ ಹೇಳದೆ ಕುಡಿಯುತ್ತಿದ್ದಳು. ಅಂಗಡಿಯವರು ಕೊಡುವ ರಸೀತಿಯನ್ನು ಕೌಂಟರಿನ ಮೇಲಿರುವ ಸಣ್ಣ ಡಬ್ಬಿಗೆ ಹಾಕಿ ಬರುತ್ತಿದ್ದಳಂತೆ. ಬೇಡವಾದ ರಸೀತಿಗೆಂದೇ ಇಟ್ಟಿರುವ ಡಬ್ಬಿ ಅದು. ಅದನ್ನು ಅವಳು ಮೊದಲನೇ ವಾರವೇ, ಯಾರೂ ಹೇಳಿಕೊಡದೆ, ಕಂಡುಹಿಡಿದಿದ್ದಳು.

540ರ ವಿಷಯ ಅವಳು ಹೇಳಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಅವತ್ತಿನಿಂದ ಅಮ್ಮ ಪಾರ್ಕಿಗೆ ಹೋಗುವುದನ್ನು ನಿಲ್ಲಿಸಿದಳು. ಹಾಲಿಗೆ ಹೋಗುವಾಗ ಕಾರ್ಡು ತೆಗೆದುಕೊಂಡು ಹೋಗಿ, ಬಂದ ಮೇಲೆ ರಸೀತಿ ಸಮೇತ ಫ್ರಿಜ್ಜಿನ ಮೇಲೆ ಇಡುತ್ತಿದ್ದಳು. ಆ ರಸೀತಿಗಳನ್ನು ನೋಡಿದಾಗ ನನಗಾದ ನಾಚಿಕೆಯನ್ನು ಹೇಗೆ ಹೇಳಲಿ. ಒಂದರ ಮೇಲೊಂದು ನೀಟಾಗಿ, ತುದಿ ಹೊಂದಿಸಿ ಇಟ್ಟಿದ್ದಳು. ಗೋಡೆಗೆ ತಂತಿ ಒಂದಿರಲಿಲ್ಲ ಅಷ್ಟೆ. ನಾನು 3,000 ತುಂಬಿಸಿ ಅವಳ ಕೋಟಿನ ಜೇಬಿನಲ್ಲಿ ಕಾರ್ಡು ಇಟ್ಟೆ. ಸಂಜೆ ಅದು ಮತ್ತೆ ಫ್ರಿಜ್ಜಿನ ಮೇಲಿತ್ತು. "ನನಗೆ ಹೊರಗೆ ಕೆಲಸ ಏನಿದೆ, ನೀನೇ ಇಟ್ಕೊ," ಎಂದಳು. ಕೋಪವಿರಲಿಲ್ಲ. ಕೋಪವಿದ್ದರೆ ಜಗಳವಾಡಿ ಮುಗಿಸಬಹುದಿತ್ತು.

ತಪ್ಪಾಯಿತು ಎಂದು ತಾಯಿಗೆ ಹೇಳುವ ರೂಢಿ ನಮ್ಮ ಮನೆಗಳಲ್ಲಿ ಎಲ್ಲಿದೆ? ಸುತ್ತಿ ಬಳಸಿ ಏನೇನೋ ಮಾಡಿದೆ. ಹೊಸ ವರ್ಷದ ರಜೆಯಲ್ಲಿ ನನ್ನ ಗಂಡನಿಗೆ ಹೇಳಿ ಅವಳನ್ನು ಉಎನೊ ಪಾರ್ಕಿಗೆ ಕಳಿಸಿದೆ. ಒಂದು ಮಧ್ಯಾಹ್ನ, ಮಗು ಮಲಗಿದಾಗ, "ನಂಗೂ ಒಂದು ಕೇಸರಿ ಮುಚ್ಚಳದ್ದು ತಂದ್ಕೊಡಮ್ಮ" ಎಂದೆ. ಬಾಣಂತಿಗೆ ಅಂಗಡಿ ಟೀ ಕೂಡದು ಎಂದು ಬೈದಳು. ಬೈದದ್ದು ಕೇಳಿ ಜೀವ ಬಂದಂತಾಯಿತು. ಬೈಯುತ್ತಲೇ ಕೋಟು ಹಾಕಿಕೊಂಡು ಹೋದಳು. ಬರುವುದು ಮುಕ್ಕಾಲು ಗಂಟೆ ತಡವಾಯಿತು. ಬಾಟಲಿ ತಣ್ಣಗಾಗಿತ್ತು. ರಸೀತಿ ಇರಲಿಲ್ಲ.

ಆ ಆ್ಯಪನ್ನು ಅವತ್ತೇ ಫೋನಿನಿಂದ ತೆಗೆದುಹಾಕಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ತೆಗೆಯಲಿಲ್ಲ. ನನ್ನ ಕಾರ್ಡಿಗೆ ಬೇಕಾಗುತ್ತಿತ್ತು. ಅಮ್ಮನ ಕಾರ್ಡನ್ನು ಮಾತ್ರ ಮತ್ತೆ ಹಿಡಿಯಲಿಲ್ಲ.

ಜನವರಿ ಕೊನೆಯಲ್ಲಿ ನರಿತಾ ವಿಮಾನ ನಿಲ್ದಾಣದ ಗೇಟನ್ನು ಆ ಕಾರ್ಡಿನಿಂದಲೇ ದಾಟಿ, ಕಾರ್ಡನ್ನು ನನ್ನ ಕೈಗಿಟ್ಟಳು. ವಾಪಸ್ಸು ಕೊಟ್ಟರೆ ಠೇವಣಿಯ 500 ಪೂರ್ತಿ ಬರುತ್ತದೆ, ಉಳಿಕೆ ಹಣದಲ್ಲಿ 220 ಶುಲ್ಕ ಮುರಿದುಕೊಳ್ಳುತ್ತಾರೆ ಎಂದು ಹೇಳಿದೆ. "ಇನ್ನೂರ ಇಪ್ಪತ್ತು ಸುಮ್ಮನೆ ಯಾಕೆ ಕೊಡ್ತೀಯ, ಇಟ್ಟಿರು. ಮತ್ತೆ ಬಂದಾಗ ಆಗುತ್ತೆ," ಎಂದಳು. ಮತ್ತೆ ಬರಲಿಲ್ಲ. ಕೋವಿಡ್ ಬಂತು. 2021ರಲ್ಲಿ ಅಪ್ಪ ಹೋದ. ನಾವೂ ಮರುವರ್ಷ ಬೆಂಗಳೂರಿಗೆ ವಾಪಸ್ಸಾದೆವು. 2023ರಲ್ಲಿ ಚಿಪ್ಪುಗಳ ಕೊರತೆಯಿಂದ ಸುಯಿಕಾ ಮಾರಾಟವನ್ನೇ ನಿಲ್ಲಿಸಿದಾಗ, ತೋಕ್ಯೊಗೆ ಹೊರಟಿದ್ದ ಸಹೋದ್ಯೋಗಿಯೊಬ್ಬರು ಹಳೆಯ ಕಾರ್ಡೇನಾದರೂ ಇದೆಯೇ ಎಂದು ಕೇಳಿದರು. ನನ್ನದನ್ನು ಕೊಟ್ಟೆ. ಅಮ್ಮನದು ಡ್ರಾಯರಿನಲ್ಲಿ ಇದೆ. ಹತ್ತು ವರ್ಷ ಬಳಸದಿದ್ದರೆ ಅದು ಸತ್ತಂತೆ. 2029ರವರೆಗೆ ಸಮಯವಿದೆ. ಅದರಲ್ಲಿ ಎಷ್ಟು ಉಳಿದಿದೆಯೋ ನೋಡಿಲ್ಲ.

ಈಗ ಅಮ್ಮ ಅಣ್ಣನ ಮನೆಯಲ್ಲಿದ್ದಾಳೆ. ಖಾತೆ ಅವಳ ಹೆಸರಿನಲ್ಲೇ ಇದೆ, ಆದರೆ ಬ್ಯಾಂಕಿನ ಎಸ್‌ಎಂಎಸ್ ಬರುವುದು ಅಣ್ಣನ ಫೋನಿಗೆ. ಖಾತೆ ತೆರೆಯುವಾಗ ನಂಬರು ಅವನದು ಕೊಟ್ಟಿದ್ದರು. ಅವಳ ಫೋನಿಗೆ ಯುಪಿಐ ಹಾಕಿಕೊಡೋಣ ಎಂದರೆ ಬೇಡ ಎನ್ನುತ್ತಾಳೆ. ವಯಸ್ಸಾಯಿತು, ಕಲಿಯಲು ಆಗುವುದಿಲ್ಲ ಎಂದು ಅಣ್ಣ ತಿಳಿದುಕೊಂಡಿದ್ದಾನೆ. ಜಪಾನಿನಲ್ಲಿ ಒಂದೇ ದಿನದಲ್ಲಿ ಕಲಿತವಳು! ತಿಂಗಳ ಮೊದಲ ವಾರ ಬ್ಯಾಂಕಿಗೆ ಹೋಗಿ 5,000 ಒಟ್ಟಿಗೇ ತೆಗೆದುಕೊಂಡು ಬರುತ್ತಾಳೆ. ಅಣ್ಣನ ಫೋನಿಗೆ ಒಂದೇ ಒಂದು ಮೆಸೇಜು ಹೋಗುತ್ತದೆ. "ಒಂದ್ಸಲ ಕೇಳ್ತಾನೆ, ಒಂದ್ಸಲ ಹೇಳ್ತೀನಿ. ಆಮೇಲೆ ಅದು ನಂದು," ಎಂದಳು ನನ್ನ ಹತ್ತಿರ.

ಕಳೆದ ತಿಂಗಳು ಇಬ್ಬರೂ ಮೆಟ್ರೊದಲ್ಲಿ ಜಯನಗರಕ್ಕೆ ಹೋಗಿದ್ದೆವು. ನನ್ನ ಬಳಿ ಇದ್ದ ಒಂದು ಹೆಚ್ಚಿನ ಮೆಟ್ರೊ ಕಾರ್ಡನ್ನು ಅವಳಿಗೆ ಕೊಟ್ಟೆ. ಗೇಟಿಗೆ ಮುಟ್ಟಿಸಿ, ಹಿಂದಿನವರು ಕಾಯುವುದಕ್ಕೆ ಬಿಡದೆ, ಸಲೀಸಾಗಿ ದಾಟಿ ನಿಂತು ನನ್ನನ್ನು ಕಾದಳು. ಇಳಿದ ಮೇಲೆ ಹೊರಗೆ ಕಾಫಿ ಅಂಗಡಿ ಕಂಡಿತು.

"ಇದ್ರಲ್ಲಿ ಕಾಫಿ ಕೊಡ್ತಾರೇನೇ?"

"ಇಲ್ಲಮ್ಮ, ಇದು ರೈಲಿಗೆ ಮಾತ್ರ."

ಅಂಗಡಿಯಲ್ಲೂ ನಡೆಯಬೇಕೆಂದೇ ತಂದ ನ್ಯಾಷನಲ್ ಕಾಮನ್ ಮೊಬಿಲಿಟಿ ಕಾರ್ಡ್ ಎಂಬುದು 2019ರಿಂದ ಇದೆ ಎಂದು ವಿವರಿಸಲು ಹೊರಟೆ. ಅಮ್ಮ ಆಗಲೇ ಪರ್ಸಿನಿಂದ ನೋಟು ತೆಗೆದಿದ್ದಳು. ನಾನು ಫೋನು ತೆಗೆಯುವಷ್ಟರಲ್ಲಿ, "ನೀನಿರು, ನಾನು ತರ್ತೀನಿ," ಎಂದು ರಸ್ತೆಯ ಕಡೆ ನೋಡಿಕೊಂಡು ಅಂಗಡಿಯತ್ತ ಹೋದಳು. ಎರಡು ಲೋಟ ಹಿಡಿದುಕೊಂಡು ಬಂದು ಒಂದನ್ನು ನನ್ನ ಕೈಗಿಟ್ಟಳು. ಕಟ್ಟೆಯ ಮೇಲೆ ಜಾಗ ಮಾಡಿಕೊಂಡು ಕೂತಳು.